ಸೇವೆಗೆ ಬಂದ ಮಗಳು

ನಮ್ಮ ಎದುರುಮನೆಯ ಹನುಮಂತಮ್ಮ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಾಳೆ. ಗಂಡ ಸತ್ತಾಗ ಮಗಳು ಚೈತ್ರಾ ತೊಟ್ಟಿಲ ಕೂಸು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದೇ ಅವಳನ್ನು ಕಾಲೇಜಿನವರೆಗೆ ಓದಿಸಿದಳು. ಹಾಸ್ಟೆಲಿಗೆ ಕಳಿಸಿದ ದಿನ ಬೀದಿಗೆಲ್ಲ ಪಾಯಸ ಹಂಚಿದ್ದಳು.

ಈಗ ಸಮಾಜಸೇವೆಯೂ ಕಾಲೇಜಿನಲ್ಲಿ ಒಂದು ಪಾಠವಂತೆ. ಹಳ್ಳಿಗೆ ಬಂದು ಸೇವೆ ಮಾಡಿದರೆ ಮಾರ್ಕ್ಸ್ ಕೊಡುತ್ತಾರಂತೆ. ಮಾರ್ಕ್ಸಿಗೆ ಮಾಡುವುದು ಎಂಥ ಸೇವೆಯೋ, ನನಗಂತೂ ತಿಳಿಯದು. ಈ ಸಲ ಅವರ ಮೇಷ್ಟ್ರು ಆರಿಸಿದ್ದು ನಮ್ಮೂರನ್ನು. ಅದು ತನ್ನೂರೆಂದು ಚೈತ್ರಾ ಬಾಯಿ ಬಿಡಲಿಲ್ಲ. ತಾಯಿ ಟೀಚರ್ ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದಳಲ್ಲ! ತಾಯಿಗೆ ಫೋನು ಮಾಡಿ, ನನ್ನ ಗುರುತಿರುವಂತೆ ತೋರಿಸಿಕೊಳ್ಳಬೇಡ ಎಂದಳು.

ಹನುಮಂತಮ್ಮ ಮನೆಮನೆಗೂ ಬಂದು ಕೇಳಿಕೊಂಡಳು. "ನಾಳೆ ನಮ್ ಚೈತ್ರ ಬತ್ತಾಳೆ ಕಣಕ್ಕ. ಯಾರೂ ಮಾತಾಡಿಸ್ಬ್ಯಾಡಿ. ಗುರ್ತಿಲ್ದಂಗೆ ಇದ್ಬುಡಿ."

"ನಿಂಗೇನ್ ತಲೆ ಕೆಟ್ಟೈತಾ?" ಎಂದು ಬೈದೆ.

"ಒಂದಿನ ತಾನೆ. ಮಗಿಗೆ ಅವಮಾನ ಆಗ್ಬಾರ್ದು," ಎಂದಳು. ಕೊನೆಗೆ ಆಗಲಿ ಎಂದೆ.

ಹುಡುಗ ಹುಡುಗಿಯರು ಬಂದರು. ಚರಂಡಿಯ ಮುಂದೆ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡರು. ಹನುಮಂತಮ್ಮ ಕೆಲಸಕ್ಕೆ ರಜೆ ಹಾಕಿ, ಮಗಳಿಗೆ ಇಷ್ಟವೆಂದು ಅವರೆಕಾಳಿನ ಉಪ್ಪಿಟ್ಟು ಮಾಡಿ ಎಲ್ಲರಿಗೂ ಕೊಟ್ಟಳು. ಚೈತ್ರಾ ಮಾತ್ರ ಹಸಿವಿಲ್ಲವೆಂದಳು. ನನ್ನ ಮೈಯೆಲ್ಲ ಉರಿಯಿತು. ಆದರೂ ಮಾತು ಕೊಟ್ಟಿದ್ದೆನಲ್ಲ.

ಮಧ್ಯಾಹ್ನ ಮನೆಗಳ ಸರ್ವೆ. ಮೇಷ್ಟ್ರು ಹನುಮಂತಮ್ಮನ ಮನೆಯನ್ನು ಚೈತ್ರಾಳಿಗೇ ಒಪ್ಪಿಸಿ ಪಕ್ಕದಲ್ಲೇ ನಿಂತರು. ಬೇರೆ ಮನೆ ಕೊಡಿ ಎನ್ನಲು ಅವಳ ಬಳಿ ಕಾರಣವಿರಲಿಲ್ಲ. ತಾನು ಅಂಬೆಗಾಲಿಟ್ಟ ಜಗಲಿಯ ಮುಂದೆ ಮೊಬೈಲ್ ಹಿಡಿದು ನಿಂತಳು.

"ನಿಮ್ಮ ಹೆಸರು?"

"ಹನುಮಂತಮ್ಮ."

"ಮಕ್ಕಳೆಷ್ಟು?"

ಹನುಮಂತಮ್ಮ ಮಗಳ ಮುಖ ನೋಡಿದಳು. ಅವಳು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಮಕ್ಕಳಿಲ್ಲ ಕಣವ್ವ."

ಚೈತ್ರಾ ಅದನ್ನೇ ಮೊಬೈಲಿನಲ್ಲಿ ಒತ್ತಿ, ಮನೆಗೆ ನಲ್ಲಿ ಇದೆಯೇ ಎಂದು ಕೇಳಿದಳು.

ಅವರ ಬಸ್ಸು ಹೋದ ಮೇಲೆ ನಾನು ಹುಡುಗಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಹನುಮಂತಮ್ಮ ಅಳಲಿಲ್ಲ. ಮಗಳಿಗೆಂದು ಒಳಗೆ ಮುಚ್ಚಿಟ್ಟಿದ್ದ ಉಪ್ಪಿಟ್ಟಿನ ತಟ್ಟೆಯನ್ನು ತಂದು ನನ್ನ ಮುಂದಿಟ್ಟಳು.

"ಅವ್ಳನ್ಯಾಕ್ ಬೈತೀಯಕ್ಕ, ಇಲ್ಲ ಅಂದೋಳು ನಾನೇ," ಎಂದಳು. ಆಮೇಲೆ ಬಸ್ಸು ಹೋದ ದಾರಿಯ ಕಡೆ ತಿರುಗಿದಳು. "ಅದ್ನ ಒತ್ತೋಕ್ ಮುಂಚೆ ಒಸಿ ತಡೀತಾಳೆ ಅನ್ಕೊಂಡಿದ್ದೆ."