ಬಂದೂಕಿಗೆ ಹಿಡಿದ ಥಂಡಿ

ಬೆಳೆಹಾನಿ ಪರಿಹಾರದ ಅರ್ಜಿಗೆಂದು, ಕಾಡುಹಂದಿ ತಿಂದ ಗೋವಿನಜೋಳದ ಫೋಟೋ ತೆಗೆಯಲು ಮಮದಾಪುರಕ್ಕೆ ಹೋಗಿದ್ದೆ. ಜಿಟಿಜಿಟಿ ಮಳೆಯಲ್ಲೇ ಹಂದಿಗಳು ಮತ್ತೆ ಬೆಳೆಗೆ ನುಗ್ಗಿದವು. ಹೆದರಿಸಲೆಂದು ತೋಟದ ಮನೆಯ ಕಾಕಾ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆ ಬಂದೂಕು ಎತ್ತಿ ಕುದುರೆ ಎಳೆದರು. ಕಿಡಿ ಕೊಡುವ ಕೇಪಷ್ಟೇ ಚಟ್ ಎಂದಿತು, ಮದ್ದು ಹೊತ್ತಲಿಲ್ಲ. ಮತ್ತೊಂದು ಕೇಪು ಹಾಕಿದರೂ ಅದೇ ಕಥೆ.

"ಮದ್ದಿಗೆ ಥಂಡಿ ಹಿಡದೈತಿ" ಎಂದರು ಕಾಕಾ.

ಕೇಪು ಕೂರುವ ತೂತಿನಲ್ಲಿ ಏನೋ ಬೆಳ್ಳಗೆ ಕಾಣುತ್ತಿತ್ತು. ಹೇಳಲೋ ಬೇಡವೋ ಎಂದು ಚಡಪಡಿಸಿ, ಕೊನೆಗೆ ಬೆರಳು ತೋರಿಸಿದೆ. ಖಂಡೇಪೂಜೆಯಲ್ಲಿ ಆಯುಧಕ್ಕೆಂದು ಅವರ ಹೆಂಡತಿ ಕಾಕೂ ಬಳಿದ ಒದ್ದೆ ವಿಭೂತಿ ಅಲ್ಲೇ ಗಟ್ಟಿಯಾಗಿತ್ತು. ನನ್ನ ಓಢಣಿಯ ಪಿನ್ನಿನಿಂದ ಕೆದಕಿ ಹೊಸ ಕೇಪು ಹಾಕಿದ ಮೇಲೆ ಬಂದೂಕು ಢಂ ಎಂದಿತು, ಹಂದಿಗಳು ಓಡಿದವು.

"ಏನಾಗಿತ್ರಿ ಅದಕ್ಕ?" ಕಾಕೂ ಒಳಗಿನಿಂದ ಕೇಳಿದರು.

ಕಾಕಾ ನನ್ನತ್ತ ಬಾಗಿದರು. "ಥಂಡಿ ಅಂತ ಹೇಳವಾ. ನಾ ಉಣ್ಣೂದು ಆಕಿ ಕೈಯಾಗ ಐತಿ."

"ಥಂಡಿ ರೀ ಕಾಕೂ!" ಎಂದು ಕೂಗಿದೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ್ದು ಅದೊಂದೇ ಮಾತು, ಅದೂ ಸುಳ್ಳು.