ಏಳಪ್ಪ ನೋಡದೆ ಬಿಟ್ಟ ಮೊದಲ ಸಾಲು

ಆತನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನ ಪೊರಕೆಗೆ ಬಹಿಷ್ಕಾರ ಬಿದ್ದ ದಿನ. ಆಸ್ಪತ್ರೆಯ ರಕ್ತನಿಧಿಯಲ್ಲಿ ನೆಲ ಒರೆಸುವ ಕೆಲಸ ನನ್ನದು. ಗಂಡ ತೀರಿಕೊಂಡ ಮೇಲೆ ಹಿಡಿದದ್ದು, ಆಗಲೇ ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಬಕೆಟ್ ಹಿಡಿದು ಹೋದರೆ ದೊಡ್ಡ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಜ್ಜಿ, ಕಂಪ್ಯೂಟರ್ ಕೋಣೆಗೆ ಇವತ್ತಿಂದ ಪೊರಕೆ ಬೇಡ. ಅದನ್ನ ನೋಡ್ಕೊಳ್ಳೋಕೆ ಹೊಸಬ್ರು ಬಂದಿದಾರೆ. ಧೂಳೆದ್ರೆ ಯಂತ್ರಕ್ಕೆ ಆಗಲ್ವಂತೆ. ಒದ್ದೆ ಬಟ್ಟೆ, ಅದೂ ಚೆನ್ನಾಗಿ ಹಿಂಡಿ."

"ಬಾಣಂತಿಗೂ ಇಷ್ಟು ಆರೈಕೆ ಇಲ್ಲ ಬಿಡಿ," ಅಂದೆ.

ಹೊಸಬ ಮೂವತ್ತೈದರ ಸಣಕಲು ಮನುಷ್ಯ. ಚಪ್ಪಲಿಯನ್ನು ಕೋಣೆಯ ಹೊರಗೆ ಬಿಟ್ಟೇ ಒಳಗೆ ಹೋಗುತ್ತಿದ್ದ. ಯಂತ್ರ ಆರಿಸಿ ಮತ್ತೆ ಹಚ್ಚುವಾಗ ಅದರ ಮುಂದೆ ಕೈಕಟ್ಟಿ ನಿಂತು "ಏಳಪ್ಪ, ಏಳಪ್ಪ" ಎಂದು ಗೊಣಗುವನು. ಅದನ್ನು ಕೇಳಿಸಿಕೊಂಡ ಎಲೆಕ್ಟ್ರಿಷಿಯನ್ ಆತನಿಗೆ ಅದೇ ಹೆಸರಿಟ್ಟುಬಿಟ್ಟ. ಈ ಎಲೆಕ್ಟ್ರಿಷಿಯನ್ನಿಗೂ ಸ್ವಂತ ಹೆಸರು ಯಾವತ್ತೋ ಹೋಗಿ ವೈರಣ್ಣ ಎಂದಾಗಿತ್ತು.

ಯಾವ ರಕ್ತದ ಚೀಲ ಯಾವ ಗುಂಪಿನದು, ಯಾವ ರೋಗಿಗೆ ಹೊಂದಿಸಿಟ್ಟದ್ದು, ಎಲ್ಲ ಆ ಯಂತ್ರದ ಹೊಟ್ಟೆಯಲ್ಲಿತ್ತು. ಅದು ಆಗಾಗ ಇದ್ದಕ್ಕಿದ್ದ ಹಾಗೆ ಕಲ್ಲಾಗಿ ಕೂರುತ್ತಿತ್ತು.

"ಇದರ ತಲೆಯೊಳಗೇ ಒಂದು ದೋಷ ಇದೆ ಅಜ್ಜಿ, ಪ್ರೊಸೆಸರಲ್ಲಿ," ಎಂದು ಒಂದು ದಿನ ಏಳಪ್ಪ ತಾನಾಗಿಯೇ ಹೇಳಿದ. "ಕಾರ್ಖಾನೆಯಿಂದಲೇ ಬಂದಿದ್ದು. ಮಾಡಿದೋರು ಈಗ ತಿದ್ದುಪಡಿ ಕಳಿಸಿದಾರೆ. ಮೈಕ್ರೋಕೋಡ್ ಅಂತಾರೆ."

"ಹಾಕಿಬಿಡಪ್ಪ, ಮುಗೀತಲ್ಲ."

"ಮುಗಿಯಲ್ಲ. ಆರಿಸಿದ್ರೆ ಮರೆತುಬಿಡುತ್ತೆ. ಎದ್ದಾಗಲೆಲ್ಲ ಮತ್ತೆ ಹೇಳ್ಬೇಕು. ಅದೂ ಬೇರೆ ಕೆಲಸಕ್ಕೆ ಕೈ ಹಾಕೋ ಮುಂಚೆ."

ನನಗೆ ನಗು ಬರಲಿಲ್ಲ. ನನ್ನವರಿಗೆ ಸಕ್ಕರೆ ಕಾಯಿಲೆಯಿಂದ ಎಡಗಾಲು ತೆಗೆದಿದ್ದರು. ಕೊನೆಯ ಎರಡು ವರ್ಷ ಅರಳುಮರಳು. ದಿನಾ ಬೆಳಿಗ್ಗೆ ಕಾಲಿದೆ ಎಂದುಕೊಂಡೇ ಏಳುತ್ತಿದ್ದರು. ಕಣ್ಣು ಬಿಟ್ಟ ಕೂಡಲೇ "ಕಾಲಿಲ್ಲ ರೀ, ಏಳಬೇಡಿ" ಎನ್ನಬೇಕು. ಒಂದು ಬೆಳಿಗ್ಗೆ ನಾನು ನಲ್ಲಿಯ ಹತ್ತಿರ ಇದ್ದೆ. ಓಡಿ ಬಂದು ಹೇಳಿದೆ. ಅಷ್ಟರಲ್ಲಿ ನೆಲದ ಮೇಲಿದ್ದರು. ಇದನ್ನು ಆತನಿಗೂ ಹೇಳಿದೆ. ಆತ ತನ್ನ ಫ್ಲಾಸ್ಕಿನ ಚಹಾ ಮುಚ್ಚಳಕ್ಕೆ ಬಗ್ಗಿಸಿಕೊಟ್ಟ.

ತಿದ್ದುಪಡಿ ಹಾಕಿದ ದಿನ ಯಂತ್ರ ಎಂದಿನ ಹಾಗೆ ಎದ್ದಿತು. ಏಳಪ್ಪ ಬಾಗಿಲಿಗೆ ಅಂಟಿಸಿದ ಕೆಲಸದ ಹಾಳೆಯಲ್ಲಿ "ತಿದ್ದುಪಡಿ ಆಗಿದೆ" ಎಂದು ಬರೆದು ಸಹಿ ಮಾಡಿದ. ಅಂದು ಅವನ ಮುಖ ನೋಡಬೇಕಿತ್ತು.

ಹತ್ತೊಂಬತ್ತನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಅದು ಮತ್ತೆ ಕಲ್ಲಾಯಿತು. ಮೇಲಿನ ಮಹಡಿಯಲ್ಲಿ ಹೆರಿಗೆಯಾದ ಒಬ್ಬಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವಳಿಗೆಂದು ಹೊಂದಿಸಿಟ್ಟ ಚೀಲ ಯಾವುದೆಂದು ತಿಳಿಯದೆ ಸಿಸ್ಟರ್ ಮೊದಲಿನಿಂದ ಕೈಯಲ್ಲೇ ಪರೀಕ್ಷೆ ಮಾಡಬೇಕಾಯಿತು. ನಲವತ್ತು ನಿಮಿಷ. ಹುಡುಗಿ ಬದುಕಿದಳು, ಆದರೆ ಮೂತ್ರಪಿಂಡ ಕೈಕೊಟ್ಟಿತು. ಅವಳ ತಾಯಿ ವಾರವಿಡೀ ವರಾಂಡದ ಬೆಂಚಿನ ಮೇಲಿದ್ದಳು. ನಾನು ಒರೆಸಲು ಹೋದರೆ ಏನೂ ಕೇಳದೆ ಎರಡೂ ಕಾಲು ಮೇಲೆತ್ತಿಕೊಳ್ಳುತ್ತಿದ್ದಳು.

ಸೂಪರಿಂಟೆಂಡೆಂಟ್ ಡಾಕ್ಟರು ಹಾಳೆ ನೋಡಿದರು. ತಿದ್ದುಪಡಿ ಆಗಿದೆ, ಹಾಗಾದರೆ ತಪ್ಪು ಕರೆಂಟಿನದು ಎಂದು ತೀರ್ಮಾನಿಸಿದರು. ಎರಡು ದಿನದೊಳಗೆ ಸಮಜಾಯಿಷಿ ಕೊಡು, ಇಲ್ಲವೇ ಮನೆಗೆ ಹೋಗು ಎಂದು ವೈರಣ್ಣನಿಗೆ ಕಾಗದ ಬಂತು.

"ಹದಿನೆಂಟು ವರ್ಷ ತಂತಿ ಹಿಡಿದಿದೀನಿ ಅಜ್ಜಿ," ಅಂದ ಆತ. "ಶಾಕ್ ಹೊಡೆದಿದ್ದು ಇವತ್ತೇ."

ಮರುದಿನ ಒರೆಸಲು ಹೋದಾಗ ಏಳಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದ.

"ನಾನು ಅದಕ್ಕೆ ಹೇಳೇ ಇಲ್ಲ ಅಜ್ಜಿ."

"ಯಾರಿಗೆ?"

"ಯಂತ್ರಕ್ಕೆ. ಏಳೋವಾಗ ಅದಕ್ಕೊಂದು ಗಂಟು ಕೊಡ್ತೀವಿ, ಬೇಕಾದ್ದೆಲ್ಲ ಅದ್ರಲ್ಲಿರುತ್ತೆ. ತಿದ್ದುಪಡಿ ಮಾತ್ರ ಗಂಟಿನ ಮೇಲೆ, ಬಿಚ್ಚಿಟ್ಟ ಕಾಗದದ ಹಾಗೆ ಇರ್ಬೇಕು. ಆ ಹೊತ್ತಿಗೆ ಅದಕ್ಕೆ ಗಂಟು ಬಿಚ್ಚೋಕೆ ಬರಲ್ಲ. ಜಾಗ ಉಳಿಯುತ್ತೆ ಅಂತ ನಾನು ಅದನ್ನೂ ಸೇರಿಸಿ ಒತ್ತಿ ಕಟ್ಟಿಬಿಟ್ಟೆ. ಗಂಟು ಬಿಚ್ಚೋ ಹೊತ್ತಿಗೆ ಅದು ಆಗಲೇ ಎದ್ದು ಓಡಾಡ್ತಾ ಇತ್ತು."

"ಅದು ಹೇಳಲ್ವಾ, ಓದಿಲ್ಲ ಅಂತ?"

"ಓದಿದ್ರೆ ಸ್ಕ್ರೀನಿನ ಮೊದಲ ಸಾಲಲ್ಲೇ ಓದಿದೀನಿ ಅಂತ ಬರೆಯುತ್ತೆ. ಓದದಿದ್ರೆ ಸುಮ್ನೆ ಎದ್ದು ಕೆಲಸ ಶುರು ಮಾಡುತ್ತೆ. ನಾನು ಎದ್ದಿದ್ದು ನೋಡಿ ಸಹಿ ಹಾಕ್ದೆ. ಮೊದಲ ಸಾಲು ನೋಡ್ಲಿಲ್ಲ."

"ಈಗ?"

"ಸರಿಮಾಡ್ದೆ. ಇನ್ನು ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ನಾನು ಬಟ್ಟೆ ಹಿಂಡಿದೆ. ಹೋಗಿ ಒಪ್ಪಿಕೋ ಎನ್ನುವಷ್ಟು ದೊಡ್ಡ ಬಾಯಿ ನನಗೆ ಬರಲಿಲ್ಲ. ಅವನಿಗೂ ಹೆಂಡತಿ, ಸಣ್ಣ ಮಗಳು. ಸುಮ್ಮನಿದ್ದುಬಿಡಲಿ ಎಂದೂ ಒಂದು ಗಳಿಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ವೈರಣ್ಣನಿಗೆ ನಾಳೆ ಕೊನೇ ದಿನ," ಎಂದಷ್ಟೇ ಅಂದೆ.

ಆತ ಎದ್ದ. ಬಾಗಿಲ ಹಾಳೆಯನ್ನು ಕಿತ್ತುಕೊಂಡು ಸೂಪರಿಂಟೆಂಡೆಂಟರ ಕೋಣೆಯ ಮೆಟ್ಟಿಲು ಹತ್ತಿದ. ಚಪ್ಪಲಿ ಕೋಣೆಯ ಹೊರಗೇ ಉಳಿದಿತ್ತು.

ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಏಳಪ್ಪನಿಗೆ ಹೇಳಿದರು. ವೈರಣ್ಣ ಉಳಿದ. ಬೀಳ್ಕೊಡಲು ಬಂದವನು ಏಳಪ್ಪ ಎನ್ನಲಿಲ್ಲ, "ಸಾರ್" ಅಂದ. ಅದನ್ನು ಕೇಳಿ ಆತನ ತಲೆ ಇನ್ನಷ್ಟು ತಗ್ಗಿತು. ಆ ಹುಡುಗಿ ಇನ್ನೂ ಮೇಲಿನ ವಾರ್ಡಿನಲ್ಲೇ ಇದ್ದಳು. ಹೋಗುವ ಮುಂಚೆ ಏಳಪ್ಪ ಅವಳ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡಲಾಗದೆ ವಾಪಸು ಬಂದದ್ದನ್ನು ನಾನು ನೋಡಿದೆ.

ಆಮೇಲೆ ನನ್ನನ್ನು ಕರೆದು ಅಂಗೈಯಗಲದ ರಟ್ಟೊಂದನ್ನು ಕೊಟ್ಟ. ದೊಡ್ಡ ಅಕ್ಷರದಲ್ಲಿ ಒಂದೇ ಸಾಲು, ಕೊನೆಯಲ್ಲಿ ಅಂಕಿಗಳು. ನೀರು ತಾಗದಂತೆ ಮೇಲೆ ಟೇಪು ಅಂಟಿಸಿದ್ದ.

"ನಂಗೆಲ್ಲಪ್ಪ ಇಂಗ್ಲಿಷು? ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು."

"ಓದೋದು ಬೇಡ. ಯಂತ್ರ ಆರಿಸಿ ಹಚ್ಚಿದಾಗಲೆಲ್ಲ, ಯಾರೇ ಇರ್ಲಿ, ಮೊದಲ ಸಾಲು ತೋರ್ಸಿ ಅನ್ನಿ. ಇದನ್ನ ಪಕ್ಕದಲ್ಲಿ ಹಿಡಿದು ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಹೊಂದಲಿಲ್ಲ ಅಂದ್ರೆ ಸಿಸ್ಟರನ್ನ ಕರೀರಿ. ಒರೆಸೋದು ಆಮೇಲೆ. ಎದ್ದಿತಲ್ಲ ಅಂತ ಮಾತ್ರ ನಂಬಬೇಡಿ. ನೋಡ್ತೀರಾ ಅಜ್ಜಿ?"