ಸಹಿ ಆದ ಮೇಲೆ ಕೇಳಿದ ಮಾತು

2020ರ ಜೂನ್ ತಿಂಗಳು. ಲಾಕ್‌ಡೌನ್ ಸಡಿಲವಾಗಿ ಕಟಿಂಗ್ ಅಂಗಡಿ ತೆರೆಯಲು ಅನುಮತಿ ಸಿಕ್ಕಿತ್ತು. ಆದರೆ ಗಿರಾಕಿಗಳೇ ಬರುತ್ತಿರಲಿಲ್ಲ. ಸಂಡೂರು ಹತ್ತಿರದ ಯಶವಂತನಗರದಲ್ಲಿ, ಅದಿರು ಲಾರಿಗಳು ನಿಲ್ಲುವ ಜಾಗದ ಪಕ್ಕ, ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ನನ್ನದೊಂದು ಕುರ್ಚಿ, ಒಂದು ಕನ್ನಡಿ. ಮೊದಲೆಲ್ಲ ಭಾನುವಾರ ಬಂದರೆ ಗಣಿ ಕೆಲಸಗಾರರು ಸಾಲಾಗಿ ಕೂತು ಕಾಯುತ್ತಿದ್ದರು. ಈಗ ಪರಿಚಯದವರೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ಕೆಲವರು ಹೆಂಡತಿ ಕೈಗೆ ಕತ್ತರಿ ಕೊಟ್ಟು, ಇಲಿ ಕಡಿದ ಹಾಗೆ ತಲೆ ಮಾಡಿಸಿಕೊಂಡು ಓಡಾಡುತ್ತಿದ್ದರು. ನಗು ಬರಬೇಕಿತ್ತು, ಬರುತ್ತಿರಲಿಲ್ಲ.

ಆಗ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ ಐದು ಸಾವಿರ ರೂಪಾಯಿ ಪರಿಹಾರ ಘೋಷಿಸಿತ್ತು. ಅರ್ಜಿ ಹಾಕಲು ಹೋದರೆ ಅಂಗಡಿಯ ಲೈಸೆನ್ಸ್ ಕೇಳಿದರು. ತಗಡಿನ ಶೆಡ್ಡಿಗೆ ಎಲ್ಲಿಯ ಲೈಸೆನ್ಸ್? ಹಾಗಾದರೆ ಇದೇ ಕೆಲಸ ಮಾಡುತ್ತೀರಿ ಎಂದು ಗ್ರಾಮಲೆಕ್ಕಿಗರಿಂದ ಬರೆಸಿಕೊಂಡು ಬನ್ನಿ ಎಂದರು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈಗೆ ಸಾಕ್ಷಿ ಬೇಕು ಅಂದಾಗ ಒಳಗೊಳಗೇ ಉರಿಯಿತು.

ಲಾರಿ ಸ್ಟ್ಯಾಂಡಿನಲ್ಲಿ ಒಬ್ಬ ಬುದ್ಧಿ ಹೇಳಿದ: “ಸುಮ್ನ ಹೋದ್ರ ಅಲೆದಾಡಿಸ್ತಾರ. ಅರ್ಜಿಯೊಳಗ ಏನಾರ ಇಟ್ಟು ಕೊಡು, ಜಲ್ದಿ ಆಗ್ತದ.” ನನಗೂ ಹಾಗೇ ಅನ್ನಿಸಿತು. ಹೆಂಡತಿಗೆ ತಿಳಿಯದಂತೆ ಮನೆಯಲ್ಲಿದ್ದ ಐನೂರರ ನೋಟೊಂದನ್ನು ತೆಗೆದು, ಮಡಚಿ, ಅರ್ಜಿಯ ನಡುವೆ ಇಟ್ಟುಕೊಂಡು ಹೋದೆ.

ಗ್ರಾಮಲೆಕ್ಕಿಗರ ಕಚೇರಿಯಲ್ಲಿ ಕೂತಿದ್ದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಹಿಂದೆ ಏಳೆಂಟು ಮಂದಿ ನಿಂತಿದ್ದರು. ಮೇಡಂ ಅರ್ಜಿ ಬಿಚ್ಚಿದರು, ನೋಟು ನೋಡಿದರು. ಈಗ ಕೂಗಾಡುತ್ತಾರೆ ಅಂದುಕೊಂಡೆ. ಅವರು ನೋಟಿನ ಮೇಲೆ ಒಂದು ಖಾಲಿ ಹಾಳೆ ಮುಚ್ಚಿ, ಎರಡನ್ನೂ ಸೇರಿಸಿ ನನ್ನ ಕಡೆ ಸರಿಸಿದರು.

“ಅಣ್ಣಾರ, ನಿಮ್ಮ ಯಾವುದೋ ಚೀಟಿ ಇದರಾಗ ಸೇರ್ಕೊಂಡೈತಿ. ಇಟ್ಕೊಳ್ರಿ. ನಾಳೆ ನಿಮ್ಮ ಅಂಗಡಿ ನೋಡಾಕ ಬರ್ತೀನಿ.”

ಅಷ್ಟೇ. ಹಿಂದೆ ನಿಂತವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಹೊರಗೆ ಬಂದಾಗ ನನ್ನ ಕಿವಿ ಸುಡುತ್ತಿತ್ತು. ಮಾಸ್ಕ್ ಇದ್ದದ್ದೇ ಪುಣ್ಯ, ಮುಖ ಯಾರಿಗೂ ಕಾಣಲಿಲ್ಲ. ಕೆಲಸ ಕೆಟ್ಟಿತು, ಇನ್ನು ಆ ದುಡ್ಡಿನ ಆಸೆ ಬಿಟ್ಟ ಹಾಗೆ ಅಂದುಕೊಂಡೆ.

ಮರುದಿನ ಶುಕ್ರವಾರ. ಮೇಡಂ ಹೇಳಿದ ಹಾಗೆಯೇ ಸ್ಕೂಟಿಯಲ್ಲಿ ಬಂದರು. ಕುರ್ಚಿ ನೋಡಿದರು, ಕನ್ನಡಿ ನೋಡಿದರು. ಪಕ್ಕದ ಪಂಕ್ಚರ್ ಅಂಗಡಿಯ ಹುಸೇನಣ್ಣನನ್ನು ಕರೆದು, ಇವರು ಇಲ್ಲೇ ಕೆಲಸ ಮಾಡುತ್ತಾರಾ ಎಂದು ಕೇಳಿದರು.

“ಹದಿನೈದು ವರ್ಷದಿಂದ ನನ್ನ ತಲಿ ಇವನ ಕೈಯಾಗ ಐತ್ರಿ ಮೇಡಂ,” ಎಂದ ಹುಸೇನಣ್ಣ. “ಈಗ ಮೂರು ತಿಂಗಳಾತು, ಹೆದ್ರಿಕಿಗೆ ನಾನೂ ಕುಂತಿಲ್ಲ. ಖರೇ ಹೇಳ್ತೀನಿ.”

ಮೇಡಂ ನಕ್ಕರು. ಅವನ ಹೇಳಿಕೆ ಬರೆದುಕೊಂಡು, ನನ್ನ ಕುರ್ಚಿಯ ಕೈ ಮೇಲೇ ಕಾಗದ ಇಟ್ಟು ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ನಾನು ಕೈ ಮುಗಿದೆ. ನಿನ್ನೆಯದಕ್ಕೆ ತಪ್ಪಾಯಿತು ಅನ್ನಬೇಕೆಂದರೂ ಬಾಯಿ ಬರಲಿಲ್ಲ. ಸ್ಕೂಟಿಯವರೆಗೆ ಹೋದವರು ವಾಪಸ್ ಬಂದರು.

“ಒಂದು ಮಾತು ಕೇಳ್ಲೇನ್ರಿ? ನಮ್ಮಪ್ಪಗ ಲಕ್ವಾ ಹೊಡೆದು ಹಾಸಿಗಿ ಹಿಡಿದಾರ. ಮನಿಗೆ ಬಂದು ಗಡ್ಡ ತೆಗೀತಿದ್ದವರು ಈಗ ಬರವಲ್ರು. ಗಡ್ಡ ಭಾಳ ಬೆಳೆದೈತಿ, ಉಂಡದ್ದೆಲ್ಲ ಅದರಾಗ ಸಿಗ್ತದ. ಸಹಿ ಆಗೂಕಿಂತ ಮೊದ್ಲ ಕೇಳಿದ್ರ ನಿಮಗ ಒಲ್ಲೆ ಅನ್ನಾಕ ಆಗ್ತಿರಲಿಲ್ಲ. ಅದಕ್ಕ ಈಗ ಕೇಳ್ತೀನಿ. ಬ್ಯಾಡ ಅಂದ್ರೂ ನಡೀತದ.”

ಭಾನುವಾರ ಬರ್ತೀನಿ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಭಯವಾಯಿತು. ಹೆಂಡತಿ ಹುಲಿಗೆಮ್ಮ ಕೇಳಿಯೇಬಿಟ್ಟಳು, “ಆ ಹಿರ್‍ಯಾಗ ನಾಳೆ ಕೆಮ್ಮು ಬಂದ್ರ ಯಾರ ಹೆಸರು ಹೇಳ್ತಾರ?” ಅವಳ ಮಾತು ಸುಳ್ಳಲ್ಲ. ಭಾನುವಾರ ಬೆಳಿಗ್ಗೆವರೆಗೂ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೆ ಕತ್ತರಿ, ಬಾಚಣಿಗೆ ಕುದಿಯುವ ನೀರಿಗೆ ಹಾಕಿ ತೆಗೆದು, ಹೊಸ ಬ್ಲೇಡು ಕೊಂಡು, ಸ್ನಾನ ಮಾಡಿ ಸಂಡೂರಿನಲ್ಲಿದ್ದ ಮೇಡಂ ಮನೆಗೆ ಹೊರಟೆ.

ಮೇಡಂ ತಂದೆ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ಒಂದು ಕಾಲದಲ್ಲಿ ಗಣಿಯಲ್ಲಿ ಮೇಸ್ತ್ರಿಯಾಗಿದ್ದವರಂತೆ. ಮೇಡಂ ಅವರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಬಲಗಡೆ ಕೆನ್ನೆ ಜೋತುಬಿದ್ದಿತ್ತು, ಬ್ಲೇಡು ತಗಲದಂತೆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಾಡಬೇಕಿತ್ತು. ಅಷ್ಟು ದಿನ ಸುಮ್ಮನಿದ್ದ ಕೈ ಮೊದಲು ನಿಧಾನಕ್ಕೆ ಸಾಗಿತು. ಆಮೇಲೆ ತನ್ನಷ್ಟಕ್ಕೆ ತಾನೇ ಓಡಿತು.

ಮುಗಿದ ಮೇಲೆ ಕನ್ನಡಿ ಹಿಡಿದೆ. ಅವರು ಕನ್ನಡಿ ನೋಡಲಿಲ್ಲ. ಆಡುವ ಎಡಗೈಯಿಂದ ತಮ್ಮ ಕೆನ್ನೆ ಸವರಿಕೊಂಡರು. ಆಮೇಲೆ ಅದೇ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಏನೋ ಹೇಳಿದರು, ಅರ್ಥವಾಗಲಿಲ್ಲ. ಬಹಳ ಹೊತ್ತು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಮೂರು ತಿಂಗಳಿಂದ ಹೊರಗಿನವರು ಒಬ್ಬರೂ ನನ್ನನ್ನು ಮುಟ್ಟಿರಲಿಲ್ಲ ಎಂಬುದು ಆಗಲೇ ನೆನಪಾದದ್ದು.

ಹೊರಡುವಾಗ ಮೇಡಂ ದುಡ್ಡು ಕೊಟ್ಟರು. ಬ್ಯಾಡ ಅಂದೆ.

“ಸರ್ಕಾರದ್ದು ಬ್ಯಾರೆ, ನಿಮ್ಮ ದುಡಿಮಿ ಬ್ಯಾರೆ. ತಗೊಳ್ರಿ ಅಣ್ಣಾರ,” ಎಂದರು. ತೆಗೆದುಕೊಂಡೆ.

ಪರಿಹಾರದ ಹಣ ಕೆಲವು ವಾರಗಳ ನಂತರ ಬಂತು. ಶೆಡ್ಡಿನ ಬಾಡಿಗೆಗೆ, ಮನೆಯ ದಿನಸಿಗೆ ಆಯಿತು. ಅದು ಬರದೇ ಹೋಗಿದ್ದರೆ ಆ ಶೆಡ್ಡು ನನ್ನ ಕೈತಪ್ಪುತ್ತಿತ್ತು, ಆ ಉಪಕಾರವನ್ನು ಮರೆಯಲಾರೆ. ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ತಪ್ಪಾಯಿತು ಎಂಬ ಮಾತನ್ನು ಅವರಿಗೆ ಹೇಳಲು ನನಗೆ ಕೊನೆಗೂ ಆಗಲಿಲ್ಲ, ಇವತ್ತಿಗೂ ಅದೊಂದು ಕೊರಗು. ನಾನು ಕ್ಷೌರಿಕ ಎಂದು ಕಾಗದದಲ್ಲಿ ಬರೆದು ಕೊಟ್ಟದ್ದು ಆ ಶುಕ್ರವಾರ. ನನಗೇ ಹಾಗನ್ನಿಸಿದ್ದು ಮಾತ್ರ ಭಾನುವಾರ, ಆ ಹಿರಿಯರ ಮಂಚದ ಪಕ್ಕದಲ್ಲಿ.